ಹಳೆಯ ಆವೃತ್ತಿಯಲ್ಲೇ ಎಚ್ಚರಿಕೆ ಓದಿ

ಕೇಳುಗರೆಲ್ಲರಿಗೂ ನಮಸ್ಕಾರ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಅಂಗಡಿಗಳಿಗೆ, ಗಿರಣಿಗಳಿಗೆ, ಸಹಕಾರ ಸಂಘಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುವ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದಾರೆ. ಈ ಹೊತ್ತಿನ ಮಾತು ಅವರಿಗಾಗಿ. ಹೇಳುವುದು ಒಂದೇ: ಹೊಸ ಆವೃತ್ತಿಗೆ ಹೋಗುವ ಮೊದಲು, ಹಳೆಯ ಆವೃತ್ತಿಯಲ್ಲಿರುವಾಗಲೇ ಎಚ್ಚರಿಕೆಗಳನ್ನು ಓದಿ, ತಿದ್ದಿ ಮುಗಿಸಿ.

ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸುವವರು ಹಳೆಯ ಕ್ರಮವನ್ನು ರಾತ್ರೋರಾತ್ರಿ ಕಿತ್ತುಹಾಕುವುದಿಲ್ಲ. ‘ಇದನ್ನು ಮುಂದೆ ತೆಗೆಯುತ್ತೇವೆ’ ಎಂದು ಮೊದಲು ಎಚ್ಚರಿಸುತ್ತಾರೆ, ತೆಗೆಯುವುದು ಆಮೇಲೆ. ಪೈಥಾನ್ ಎಂಬ ಭಾಷೆಯನ್ನೇ ನೋಡಿ. ಅದರ ಹೊಸ ಆವೃತ್ತಿ ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. ಪೈಥಾನ್ 2ಕ್ಕೆ 2015ರಲ್ಲಿ ನಿಲ್ಲಬೇಕಿದ್ದ ಬೆಂಬಲವನ್ನು 2020ರ ಜನವರಿ 1ರವರೆಗೆ ಎಳೆದರು. ಹನ್ನೊಂದು ವರ್ಷ! ಇಷ್ಟು ಕಾಲ ಕೊಟ್ಟರೂ ನಮ್ಮವರು ಕಣ್ಣುಜ್ಜಿಕೊಂಡು ಎದ್ದದ್ದು ಕೊನೆಯ ವಾರ.

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯ ಕಥೆ ಹೇಳುತ್ತೇನೆ. ಅಲ್ಲಿನ ಪ್ರೋಗ್ರಾಂ ಪೈಥಾನ್ 2ರಲ್ಲಿತ್ತು. ಬಂದ ಅಕ್ಕಿಯ ತೂಕವನ್ನು 25ರಿಂದ ಭಾಗಿಸಿ ಎಷ್ಟು ಚೀಲ ಎಂದು ಬರೆಯುತ್ತಿತ್ತು, ಉಳಿದದ್ದನ್ನು ಬಿಡಿ ಅಕ್ಕಿ ಎಂದು ಬೇರೆ ಸೇರಿಸುತ್ತಿತ್ತು. 1,240 ಕಿಲೋ ಬಂದರೆ 49 ಚೀಲ, ಬಿಡಿ ಅಕ್ಕಿ 15 ಕಿಲೋ. ಲೆಕ್ಕ ಸರಿ. ಪೈಥಾನ್ 2ರಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಬರುತ್ತಿರಲಿಲ್ಲ. ಪೈಥಾನ್ 3ರಲ್ಲಿ ಬರುತ್ತದೆ: 49.6.

ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದ ಹುಡುಗ ಅದನ್ನು ಪೈಥಾನ್ 3ಕ್ಕೆ ಬದಲಿಸಲು ಟೂ-ಟು-ತ್ರೀ ಎಂಬ ಸಿದ್ಧ ಸಾಧನವನ್ನು ಓಡಿಸಿದ. ಅದು ಪ್ರಿಂಟ್ ಇದ್ದಲ್ಲೆಲ್ಲ ಆವರಣ ಚಿಹ್ನೆ ಹಾಕಿಕೊಟ್ಟಿತು, ಭಾಗಾಕಾರವನ್ನು ಮಾತ್ರ ಮುಟ್ಟಲಿಲ್ಲ. ಪ್ರೋಗ್ರಾಂ ನಿಲ್ಲದೆ ಓಡಿತು. ಚೀಟಿಯಲ್ಲೂ 49 ಚೀಲ ಎಂದೇ ಬಂತು, ಏಕೆಂದರೆ ಮುದ್ರಿಸುವ ಸಾಲು ದಶಮಾಂಶವನ್ನು ಕತ್ತರಿಸಿ ಎಸೆಯುತ್ತಿತ್ತು. ಹಮಾಲರಿಗೆ ಹಮಾಲಿ ಸರಿಯಾಗಿ ಸಂದಿತು. ಆದರೆ ದಾಸ್ತಾನು ಪುಸ್ತಕದಲ್ಲಿ 49.6 ಚೀಲ ಕುಳಿತಿತ್ತು, ಅದರ ಮೇಲೆ ಬಿಡಿ ಅಕ್ಕಿ 15 ಕಿಲೋ. ಒಂದೇ ಹದಿನೈದು ಕಿಲೋ ಎರಡು ಸಲ! ಪ್ರತಿ ಲೋಡಿಗೂ ಹೀಗೇ. ತಿಂಗಳ ಕೊನೆಗೆ ಪುಸ್ತಕದಲ್ಲಿ ಅಕ್ಕಿ ಹೆಚ್ಚು, ಗೋದಾಮಿನಲ್ಲಿ ಕಡಿಮೆ. ಸಾಹುಕಾರರು ಅನುಮಾನಪಟ್ಟದ್ದು ಯಾರನ್ನು? ರಾತ್ರಿ ಕಾವಲಿನ ಮುದುಕನನ್ನು. ಪಾಪ, ಅವನು ದೇವರ ಮೇಲೆ ಆಣೆ ಇಡುವ ಹಂತಕ್ಕೆ ಬಂದಿದ್ದ.

ನನ್ನನ್ನು ಕರೆದಾಗ ಹುಡುಗ ಹೇಳಿದ: ‘ಸರ್, ಲೆಕ್ಕದ ಒಂದು ಸಾಲನ್ನೂ ನಾನು ಬದಲಿಸಿಲ್ಲ.’ ‘ಅದಕ್ಕೇ ಕೆಟ್ಟಿದೆ ತಮ್ಮಾ’ ಎಂದೆ. ಪೈಥಾನ್ 2.7ರಲ್ಲೇ ಮೈನಸ್ 3 ಎಂಬ ಆಯ್ಕೆ ಇತ್ತು. ಅದನ್ನು ಕೊಟ್ಟು ಓಡಿಸಿದ್ದರೆ ಈ ಭಾಗಾಕಾರದ ಸಾಲಿನ ಸಂಖ್ಯೆಯನ್ನೇ ಹೇಳಿ ಎಚ್ಚರಿಸುತ್ತಿತ್ತು. ಭಾಗಾಕಾರಕ್ಕೆ ಹಾಕುವ ಒಂದು ಓರೆಗೆರೆಯ ಜಾಗದಲ್ಲಿ ಎರಡು ಹಾಕಿದರೆ ಮುಗಿಯಿತು, ದಶಮಾಂಶ ಬರುವುದಿಲ್ಲ. ಆ ಎರಡು ಓರೆಗೆರೆ ಹಳೆಯ ಆವೃತ್ತಿಯಲ್ಲೂ ನಡೆಯುತ್ತದೆ, ಹೊಸದರಲ್ಲೂ ನಡೆಯುತ್ತದೆ. ಆದ್ದರಿಂದಲೇ ಮತ್ತೆ ಹೇಳುತ್ತೇನೆ, ಹಳೆಯ ಆವೃತ್ತಿಯಲ್ಲಿರುವಾಗಲೇ ತಿದ್ದಿ ಮುಗಿಸಿ.

ಗಿರಣಿಯ ಕಥೆಯೇ ಹೆಚ್ಚು ಹೊತ್ತು ತೆಗೆದುಕೊಂಡಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಪೈಥಾನ್ 2ರಲ್ಲಿ ‘ಕನ್ನಡ’ ಎಂದು ಬರೆದು ಉದ್ದ ಕೇಳಿದರೆ ಸಾಮಾನ್ಯವಾಗಿ ಬೈಟುಗಳನ್ನು ಎಣಿಸಿ 15 ಎನ್ನುತ್ತಿತ್ತು, ಪೈಥಾನ್ 3 ಅಕ್ಷರ ಸಂಕೇತಗಳನ್ನು ಎಣಿಸಿ ಹೇಳುವುದು 5. ರೈತರ ಹೆಸರನ್ನು ಉದ್ದ ಎಣಿಸಿ ಕತ್ತರಿಸುವ ಪ್ರೋಗ್ರಾಂಗಳೆಲ್ಲ ಇಲ್ಲಿ ಎಡವುತ್ತವೆ. ವೆಬ್‌ಸೈಟ್‌ಗಳಿಗೆ ಬಳಸುವ ಪಿಎಚ್‌ಪಿ ಭಾಷೆಯಲ್ಲಿ, ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ಕೋಶದ ಜೊತೆ ಮಾತಾಡುವ ಹಳೆಯ ಫಂಕ್ಷನ್‌ಗಳ ಬಗ್ಗೆ 2013ರ 5.5 ಆವೃತ್ತಿಯಿಂದಲೇ ಎಚ್ಚರಿಕೆ ಬರುತ್ತಿತ್ತು. ನಮ್ಮ ಜಾಣರು ಫಂಕ್ಷನ್ನಿನ ಮುಂದೆ ಅಟ್ ಚಿಹ್ನೆ ಹಾಕಿ ಅದರ ಬಾಯಿ ಮುಚ್ಚಿಸಿದರು. 2015ರ ಡಿಸೆಂಬರಿನಲ್ಲಿ 7.0 ಬಂದಾಗ ಆ ಫಂಕ್ಷನ್‌ಗಳೇ ಇರಲಿಲ್ಲ.

‘ನಾವು ಪೈಥಾನ್ 3ರಲ್ಲೇ ಇದ್ದೇವೆ, ನಮಗೇನು’ ಎನ್ನಬೇಡಿ. 2023ರಲ್ಲಿ ಬಂದ 3.12 ಆವೃತ್ತಿ ಇಂಪ್ ಎಂಬ ಹಳೆಯ ಮಾಡ್ಯೂಲನ್ನು, ಅಂದರೆ ಭಾಷೆಯ ಜೊತೆಗೇ ಬರುತ್ತಿದ್ದ ಸಿದ್ಧ ಕೋಡಿನ ಕಟ್ಟನ್ನು, ತೆಗೆದುಹಾಕಿತು. ಅದರ ಎಚ್ಚರಿಕೆಯೂ ವರ್ಷಗಟ್ಟಲೆ ಇತ್ತು. ಇಂತಹ ಎಚ್ಚರಿಕೆಗಳಲ್ಲಿ ಹೆಚ್ಚಿನವನ್ನು ಪೈಥಾನ್ ತಾನಾಗಿ ತೋರಿಸುವುದಿಲ್ಲ, ನೀವೇ ಕೇಳಬೇಕು. ಪೆನ್ನು ಕೈಯಲ್ಲಿದ್ದರೆ ಬರೆದುಕೊಳ್ಳಿ: ಪೈಥಾನ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು ಮೈನಸ್, ಅದಕ್ಕೆ ಅಂಟಿಕೊಂಡು ದೊಡ್ಡಕ್ಷರದ ಡಬ್ಲ್ಯೂ, ಮತ್ತೆ ಜಾಗ ಬಿಟ್ಟು ಎರರ್, ಕೊನೆಗೆ ನಿಮ್ಮ ಫೈಲಿನ ಹೆಸರು. ಎಚ್ಚರಿಕೆ ಇರುವ ಸಾಲು ಬಂದೊಡನೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ತಿದ್ದಿ, ಮತ್ತೆ ಓಡಿಸಿ. ಇದನ್ನು ಗಿರಾಕಿಯ ಯಂತ್ರದಲ್ಲಿ ಮಾಡಬೇಡಿ, ನಿಮ್ಮ ಯಂತ್ರದಲ್ಲಿ ಮಾಡಿ. ನಮಸ್ಕಾರ.