ಕಾಣುವುದನ್ನು ಹೇಳಬೇಡಿ, ಕಾಣದ್ದನ್ನು ಹೇಳಿ: ಹೊಸದಾಗಿ ಗೇಮಿಂಗ್ ಚಾನೆಲ್ ಶುರು ಮಾಡಿದವರಿಗೆ

[ಪರದೆ: ಮೈನ್‌ಕ್ರಾಫ್ಟ್. ಕತ್ತಲ ಸುರಂಗ. ಕಬ್ಬಿಣದ ಪಿಕಾಸಿ ಕಲ್ಲು ಒಡೆಯುತ್ತಿದೆ. ಹುಡುಗನ ದನಿ.]

"ಓಕೆ ಫ್ರೆಂಡ್ಸ್, ಈಗ ಅಗೀತಾ ಇದೀನಿ... ಕಲ್ಲು ಬಂತು... ಮತ್ತೆ ಕಲ್ಲು... ಈಗ ಎಡಗಡೆ ಹೋಗ್ತಾ ಇದೀನಿ... ಇಲ್ಲಿ ಕೋಲ್ ಇದೆ, ತಗೋತೀನಿ..."

[ಪರದೆ: ಆಟ ಅಲ್ಲೇ ನಿಲ್ಲುತ್ತದೆ. ನಾನು ಕ್ಯಾಮೆರಾ ಮುಂದೆ.]

ನಮಸ್ಕಾರ. ನೀವು ಈಗ ಕೇಳಿದ್ದು ನನ್ನ ಅಕ್ಕನ ಮಗನ ದನಿ. ಹತ್ತನೇ ಕ್ಲಾಸು. ಅವನನ್ನು ಕೇಳಿಯೇ ಇಲ್ಲಿ ಹಾಕಿದ್ದೇನೆ. ಮೈನ್‌ಕ್ರಾಫ್ಟ್, ಅಂದರೆ ನೆಲ ಅಗೆದು ಡೈಮಂಡ್ ಥರದ ಸಾಮಾನು ಹುಡುಕುವ ಆಟ, ಅದನ್ನು ಆಡುತ್ತಾ ಕನ್ನಡದಲ್ಲಿ ಮಾತಾಡುವ ಚಾನೆಲ್ ಮಾಡಿದ್ದಾನೆ. ಒಂಬತ್ತು ವಿಡಿಯೋ ಹಾಕಿದ ಮೇಲೆ ಒಂದು ರಾತ್ರಿ ಫೋನ್ ಮಾಡಿದ. "ಮಾಮ, ಯಾರೂ ಕೊನೇವರೆಗೆ ನೋಡ್ತಾ ಇಲ್ಲ. ಮೈಕ್ ಚೆನ್ನಾಗಿಲ್ಲ ಅನ್ಸುತ್ತೆ. ಹೊಸದು ತಗೊಳ್ಳಾ?"

ಒಂಬತ್ತನ್ನೂ ಕೂತು ನೋಡಿದೆ. ಹುಡುಗ ಚೆನ್ನಾಗಿ ಆಡುತ್ತಾನೆ. ದನಿಯಲ್ಲಿ ಹುರುಪಿದೆ. ಮೈಕ್ ತೊಂದರೆಯೂ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ದೊಡ್ಡ ತೊಂದರೆ ಬೇರೆ ಇತ್ತು. ಕಲ್ಲು ಒಡೆಯುತ್ತಿರುವುದು ನನಗೆ ಕಾಣುತ್ತಿದೆ. ಎಡಗಡೆ ಹೋಗುತ್ತಿರುವುದೂ ಕಾಣುತ್ತಿದೆ. ಅವನ ಮಾತು ಸೇರಿದ್ದರಿಂದ ನನಗೆ ಹೊಸದಾಗಿ ಏನೂ ಗೊತ್ತಾಗಲಿಲ್ಲ.

ಹೊಸಬರ ಚಾನೆಲ್‌ಗಳಲ್ಲಿ ಇದನ್ನೇ ನಾನು ಮತ್ತೆ ಮತ್ತೆ ನೋಡಿದ್ದೇನೆ. ಹಾಗಾಗಿ ಇವತ್ತು ಜಾಸ್ತಿ ಹೊತ್ತು ಇದರ ಮೇಲೆಯೇ ಮಾತಾಡುತ್ತೇನೆ.

[ಪರದೆ: ಹಳೆಯ ರೇಡಿಯೋದ ಚಿತ್ರ, ಪಕ್ಕದಲ್ಲಿ ಟಿವಿ.]

ಮೈಸೂರು ದಸರೆಯ ಜಂಬೂಸವಾರಿಯನ್ನು ಆಕಾಶವಾಣಿಯಲ್ಲಿ ಕೇಳಿದ್ದೀರಾ? ಅದಕ್ಕೆ ವೀಕ್ಷಕ ವಿವರಣೆ ಅನ್ನುತ್ತಾರೆ. ನಮ್ಮ ಕೆಲಸಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಗೊತ್ತಿಲ್ಲ. ರೇಡಿಯೋದಲ್ಲಿ ಮಾತಾಡುವವರು ಎಲ್ಲವನ್ನೂ ಹೇಳಬೇಕು. ಆನೆ ಈಗ ಎಲ್ಲಿ ಬಂತು, ಮೈಮೇಲೆ ಯಾವ ಬಣ್ಣದ ಚಿತ್ತಾರ, ಹಿಂದೆ ಯಾವ ಕಲಾತಂಡ. ಕೇಳುವವರಿಗೆ ಕಣ್ಣಿಲ್ಲ, ಆ ದನಿಯೇ ಕಣ್ಣು.

ಅದೇ ಮೆರವಣಿಗೆ ಟಿವಿಯಲ್ಲಿ ಬಂದಾಗ "ಆನೆ ನಡೆದು ಬರುತ್ತಿದೆ" ಅಂದರೆ ಏನು ಉಪಯೋಗ? ಕಾಣುತ್ತಿದೆ ಅಲ್ವಾ? ಅಲ್ಲಿ ಹೇಳಬೇಕಾದ ಮಾತು ಬೇರೆ: "ಆ ಅಂಬಾರಿಯ ತೂಕ ಸುಮಾರು 750 ಕಿಲೋ." ತೂಕ ಕಣ್ಣಿಗೆ ಕಾಣುವುದಿಲ್ಲ. ಈ ಮಾತು ಕೇಳಿದ ಕೂಡಲೇ ನಿಮ್ಮ ಕಣ್ಣು ಆನೆಯ ಕಾಲಿನ ಕಡೆ ಹೋಗುತ್ತದೆ. ಅದೇ ಚಿತ್ರ, ಆದರೆ ಈಗ ಬೇರೆ ಥರ ನೋಡುತ್ತೀರಿ.

ಗೇಮಿಂಗ್ ವಿಡಿಯೋ ಅಂದರೆ ಟಿವಿ. ನಾವು ಅದರ ಮೇಲೆ ಕೂತು ರೇಡಿಯೋ ಥರ ಮಾತಾಡುತ್ತೇವೆ.

[ಪರದೆ: ಮತ್ತೆ ಅದೇ ಸುರಂಗ. ಮೂಲೆಯಲ್ಲಿ ಎತ್ತರದ ಸಂಖ್ಯೆ: ಮೈನಸ್ 53.]

ಮುಂದಿನ ಭಾನುವಾರ ಅವನ ಪಕ್ಕದಲ್ಲಿ ಕೂತೆ. ಇದೇ ಜಾಗಕ್ಕೆ ಬಂದಾಗ ವಿಡಿಯೋ ನಿಲ್ಲಿಸಿ ಕೇಳಿದೆ: "ಇಷ್ಟು ಹೊತ್ತು ಕೆಳಗೆ ಹೋಗ್ತಾ ಇದ್ದೆ. ಇಲ್ಲಿಗೆ ಬಂದ ತಕ್ಷಣ ಅಡ್ಡ ತಿರುಗಿದೆ. ಯಾಕೆ?"

ಅವನು ಹೇಳಿದ್ದನ್ನು ಪೂರ್ತಿ ಕೇಳಿ.

"ಮಾಮ, 2021ರಲ್ಲಿ 1.18 ಅಪ್‌ಡೇಟ್ ಬಂದ್ಮೇಲೆ ಲೋಕದ ತಳ ಮೈನಸ್ 64ಕ್ಕೆ ಹೋಯ್ತು. ಕೆಳಗೆ ಹೋದಷ್ಟೂ ಡೈಮಂಡ್ ಜಾಸ್ತಿ. ಮೈನಸ್ 59ರ ಹತ್ರ ತುಂಬಾ ಸಿಗುತ್ತೆ. ಆದ್ರೆ ಮೈನಸ್ 55ರಿಂದ ಕೆಳಗಿನ ಗುಹೆಗಳಲ್ಲಿ ಲಾವಾ ತುಂಬಿರುತ್ತೆ. ಬಿದ್ರೆ ನಾನೂ ಹೋದೆ, ನನ್ನ ಹತ್ರ ಇರೋ ಸಾಮಾನೂ ಹೋಯ್ತು. ಅದಕ್ಕೇ ನಾನು 53ರಲ್ಲೇ ನಿಂತ್ಕೊಂಡೆ. ಡೈಮಂಡ್ ಸ್ವಲ್ಪ ಕಮ್ಮಿ ಸಿಕ್ರೂ ಪರವಾಗಿಲ್ಲ. ಹೋದ ಸಲ ಹದಿನಾಲ್ಕು ಡೈಮಂಡ್ ಲಾವಾದಲ್ಲಿ ಸುಟ್ಟೋಯ್ತು."

ನಾನು ಸುಮ್ನೆ ಅವನ ಮುಖ ನೋಡಿದೆ. "ಇದನ್ನ ವಿಡಿಯೋದಲ್ಲಿ ಯಾಕೋ ಹೇಳ್ಲಿಲ್ಲ?"

"ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡೆ."

ಗೊತ್ತಿರುವುದಿಲ್ಲ. ಆಟ ಗೊತ್ತಿರುವವರಿಗೂ ಆ ಹದಿನಾಲ್ಕು ಡೈಮಂಡಿನ ಕಥೆ ಗೊತ್ತಿರಲು ಸಾಧ್ಯವೇ ಇಲ್ಲ. ಅವನು ಹೇಳಿದ್ದರಲ್ಲಿ ಏನೇನಿದೆ ನೋಡಿ. ಆಟದ ಒಂದು ನಿಯಮ ಇದೆ. ಆಸೆಗೂ ಭಯಕ್ಕೂ ನಡುವೆ ಅವನು ಮಾಡಿದ ಆಯ್ಕೆ ಇದೆ. ಹಿಂದಿನ ಏಟಿನ ನೆನಪಿದೆ. ಇದರಲ್ಲಿ ಒಂದೂ ಪರದೆಯ ಮೇಲೆ ಇರಲಿಲ್ಲ. ಇದನ್ನು ಕೇಳಿದ ಮೇಲೆ ಮುಂದಿನ ಹತ್ತು ನಿಮಿಷ ಬರೀ ಕಲ್ಲು ಒಡೆದರೂ ನಾನು ನೋಡುತ್ತೇನೆ. ಯಾಕೆಂದರೆ ಈಗ ಪ್ರತಿ ಕಲ್ಲಿನ ಹಿಂದೆ ಲಾವಾ ಇರಬಹುದು ಅಂತ ನನಗೂ ಅನ್ನಿಸುತ್ತಿದೆ.

ಬಿಜಿಎಂಐ, ಅಂದರೆ ಕುಗ್ಗುತ್ತಾ ಹೋಗುವ ವೃತ್ತದೊಳಗೆ ಉಳಿದು ಹೋರಾಡುವ ಮೊಬೈಲ್ ಆಟ, ಅದನ್ನು ಆಡುವವರಿಗೂ ಇದೇ ಮಾತು. "ಝೋನ್ ಬಂತು, ಓಡ್ತಾ ಇದೀನಿ" ಅನ್ನುವುದು ಬೇಡ, ಓಡುವುದು ಕಾಣುತ್ತದೆ. ಮುಂದಿನ ವೃತ್ತ ಈಗಿನ ವೃತ್ತದ ಒಳಗೇ ಬರುತ್ತದೆ, ಹಾಗಾದರೆ ಈಗಲೇ ಯಾವ ಗುಡ್ಡ ಹಿಡಿದರೆ ಒಳ್ಳೆಯದು, ನಿಮ್ಮ ಊಹೆ ಏನು? ಲೂಟ್ ಮಾಡುವಾಗ, ಅಂದರೆ ಬಂದೂಕು, ಸಾಮಾನು ಹೆಕ್ಕಿಕೊಳ್ಳುವಾಗ, ಅದನ್ನು ಹೇಳಿ. ಊಹೆ ತಪ್ಪಾದರೆ ಇನ್ನೂ ಒಳ್ಳೆಯದು, ನೋಡುವವರು ನಿಮ್ಮ ಜೊತೆಗೇ ಬೆಚ್ಚಿಬೀಳುತ್ತಾರೆ. ಇನ್ನು ಗುಂಡು ಹಾರುವಾಗ ಮಾತಾಡಲೇಬೇಕು ಅಂತಿಲ್ಲ. ಆಗ ಸುಮ್ಮನಿರಿ. ಎಲ್ಲ ಮುಗಿದ ಮೇಲೆ, ಉಸಿರು ಬಿಟ್ಟು, ಏನಾಯಿತು ಅಂತ ಹೇಳಿ. ಮೌನಕ್ಕೆ ಹೆದರಿ ತುಂಬಿಸುವ ಮಾತುಗಳು ಎಲ್ಲಕ್ಕಿಂತ ಬೇಗ ಬೇಸರ ತರಿಸುತ್ತವೆ.

[ಪರದೆ: ಕಾಗದದ ಚೀಟಿ. ಮೇಲೆ ಪೆನ್ನಿನಲ್ಲಿ ಐದು ಸಾಲು.]

ಹಾಗಾದರೆ ಮೊದಲೇ ಬರೆದುಕೊಂಡು ಓದಬೇಕಾ? ಬೇಡ. ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅರ್ಥಧಾರಿ, ಅಂದರೆ ಅಲ್ಲಿ ಪಾತ್ರವಾಗಿ ಮಾತಾಡುವವರು, ಮಾತನ್ನು ಬಾಯಿಪಾಠ ಮಾಡಿಕೊಂಡು ಬರುವುದಿಲ್ಲ. ಪ್ರಸಂಗ ಗೊತ್ತು, ಭಾಗವತರು ಯಾವ ಪದ ಹಾಡುತ್ತಾರೆ ಅಂತ ಗೊತ್ತು. ಮಾತು ಅಲ್ಲೇ, ಎದುರಿನವರ ಮಾತಿಗೆ ತಕ್ಕ ಹಾಗೆ ಹುಟ್ಟುತ್ತದೆ. ನೀವೂ ಹಾಗೇ ಒಂದು ಚೀಟಿ ಇಟ್ಟುಕೊಳ್ಳಿ. ಇವತ್ತು ಏನು ಮಾಡಬೇಕು ಅಂತಿದ್ದೇನೆ, ಯಾಕೆ, ಎಲ್ಲಿ ಹೆದರಿಕೆ, ಹೋದ ಸಲ ಏನಾಯಿತು, ಆಟದ ಬಗ್ಗೆ ಹೇಳಬೇಕಾದ ಒಂದು ವಿಷಯ. ಅಷ್ಟು ಸಾಕು. ವಾಕ್ಯ ಬರೆದುಕೊಂಡರೆ ಓದುವ ದನಿ ಬಂದುಬಿಡುತ್ತದೆ, ಅದು ಕೇಳುವವರಿಗೆ ತಕ್ಷಣ ಗೊತ್ತಾಗುತ್ತದೆ.

[ಪರದೆ: ಟೇಬಲ್, ಮೈಕ್, ಮೇಲೆ ತಿರುಗುವ ಫ್ಯಾನ್.]

ಈಗ ದನಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಹೊರಟುಹೋಗುತ್ತಾರೆ. ನಮ್ಮ ಹುಡುಗನ ಮೈಕ್ ಮಾನಿಟರ್ ಪಕ್ಕದಲ್ಲಿ ಎರಡು ಅಡಿ ದೂರ ಇತ್ತು. ಅದನ್ನು ಬಾಯಿಯಿಂದ ಒಂದು ಗೇಣು ದೂರಕ್ಕೆ ತಂದೆವು, ಅಷ್ಟೇ. ದೂರ ಅರ್ಧ ಆದಾಗಲೆಲ್ಲ ಮೈಕಿಗೆ ಬರುವ ನಿಮ್ಮ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ಫ್ಯಾನಿನ ಸದ್ದು, ಗೋಡೆಗೆ ಬಡಿದು ಬರುವ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಹೊಸ ಮೈಕ್ ಬೇಕಾಗಲಿಲ್ಲ.

ಮೈಕ್ ಬಾಯಿಯ ನೇರಕ್ಕೆ ಬೇಡ, ಸ್ವಲ್ಪ ಓರೆಯಾಗಿರಲಿ. ಪ, ಫ, ಬ, ಭ ಹೇಳುವಾಗ ತುಟಿಯಿಂದ ಗಾಳಿ ಸಿಡಿಯುತ್ತದೆ. ನೇರಕ್ಕಿದ್ದರೆ "ಭಯ" ಅಂದಾಗಲೆಲ್ಲ ಡಬ್ ಅಂತ ಹೊಡೆಯುತ್ತದೆ. ಬರೀ ಗೋಡೆಯ ಕೋಣೆಯಾದರೆ ನಿಮ್ಮ ಬೆನ್ನ ಹಿಂದೆ ಒಂದು ಕೌದಿ ಅಥವಾ ದಪ್ಪ ರಜಾಯಿ ನೇತುಹಾಕಿ. ಅಡುಗೆಮನೆಯಲ್ಲಿ ಮಿಕ್ಸಿ, ಕುಕ್ಕರ್ ಓಡದ ಹೊತ್ತು ಯಾವುದು ಅಂತ ಮನೆಯವರನ್ನು ಕೇಳಿಕೊಂಡೇ ರೆಕಾರ್ಡ್‌ಗೆ ಕೂರಿ.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಪರದೆಯನ್ನೂ ದನಿಯನ್ನೂ ರೆಕಾರ್ಡ್ ಮಾಡುವ ಓಬಿಎಸ್ ಸ್ಟುಡಿಯೋ ಅನ್ನುವ ತಂತ್ರಾಂಶ ಸಾಕು, ಅದು ಉಚಿತ. ಮೈಕಿನ ಫಿಲ್ಟರ್‌ಗಳಲ್ಲಿ ನಾಯ್ಸ್ ಸಪ್ರೆಶನ್ ಇದೆ, ಅದನ್ನು ಹಾಕಿದರೆ ಫ್ಯಾನಿನ ಸದ್ದು ಬಹಳ ಮಟ್ಟಿಗೆ ಹೋಗುತ್ತದೆ. ಓಬಿಎಸ್‌ನ ಆಡಿಯೋ ಮಿಕ್ಸರಿನ ಪಟ್ಟಿಯಲ್ಲಿ ನಿಮ್ಮ ದನಿ ಹಳದಿಯಲ್ಲಿ ಓಡಾಡುತ್ತಿರಲಿ, ಅಂದರೆ ಮೈನಸ್ 20ರಿಂದ ಮೈನಸ್ 9 ಡೆಸಿಬಲ್ ನಡುವೆ. ಕೆಂಪಿನ ತುದಿ ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ಸರಿಮಾಡಲು ಆಗುವುದಿಲ್ಲ. ಆಟದ ಸದ್ದು ಹಸಿರಿನಲ್ಲೇ ಇರಲಿ.

ಇನ್ನೊಂದು ಮಾತು, ಇದನ್ನು ಮಾತ್ರ ದಯವಿಟ್ಟು ಇವತ್ತೇ ಮಾಡಿ. ನಿಮ್ಮ ದನಿ ಒಂದು ಆಡಿಯೋ ಟ್ರ್ಯಾಕ್, ಆಟದ ಸದ್ದು ಇನ್ನೊಂದು ಟ್ರ್ಯಾಕ್. ಬೇರೆ ಬೇರೆ ರೆಕಾರ್ಡ್ ಆಗಲಿ. ಎರಡೂ ಒಂದೇ ಟ್ರ್ಯಾಕಿನಲ್ಲಿ ಬೆರೆತರೆ ಅನ್ನಕ್ಕೆ ಉಪ್ಪು ಜಾಸ್ತಿ ಆದ ಹಾಗೆ, ತೆಗೆಯಲು ಬರುವುದಿಲ್ಲ. ಫೈಲ್ ಎಂಕೆವಿ ಅನ್ನುವ ವಿಡಿಯೋ ಮಾದರಿಯಲ್ಲಿ ಇರಲಿ. ಮಧ್ಯೆ ಕರೆಂಟ್ ಹೋದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಓಬಿಎಸ್ ಒಳಗೇ ಅದನ್ನು ಆಮೇಲೆ ಎಂಪಿ4 ಮಾಡಬಹುದು. ಕರೆಂಟ್ ಹೋಗಿ ಒಂದೂವರೆ ಗಂಟೆಯ ಆಟ ಕಳೆದುಕೊಂಡ ಮೇಲೆ ನಾನು ಇದನ್ನು ಕಲಿತೆ.

ಮೊಬೈಲ್‌ನಲ್ಲಿ ಆಡುವವರು, ನೀವೇ ಜಾಸ್ತಿ ಅಂತ ನನಗೆ ಗೊತ್ತು, ಪರದೆ ರೆಕಾರ್ಡ್ ಮಾಡಿ, ದನಿಯನ್ನು ಮನೆಯ ಇನ್ನೊಂದು ಫೋನಿನಲ್ಲಿ ಹಿಡಿಯಿರಿ. ಶುರುವಿನಲ್ಲಿ "ಒಂದು, ಎರಡು, ಮೂರು" ಅನ್ನಿ. ಮೂರಕ್ಕೆ ಸರಿಯಾಗಿ ಆಟದಲ್ಲಿ ಹಾರಿ. ಎಡಿಟ್ ಮಾಡುವಾಗ "ಮೂರು" ಅನ್ನುವ ದನಿಯನ್ನು ಆ ಹಾರಿದ ಜಾಗಕ್ಕೆ ಕೂರಿಸಿದರೆ ಮುಂದಿನದೆಲ್ಲ ಸರಿಹೋಗುತ್ತದೆ.

[ಪರದೆ: ಯೂಟ್ಯೂಬ್ ಸ್ಟುಡಿಯೋದ ರಿಟೆನ್ಶನ್ ಗ್ರಾಫ್. ಮೊದಲಲ್ಲೇ ಕಡಿದಾದ ಇಳಿಜಾರು.]

ಎಷ್ಟು ಜನ ಎಲ್ಲಿಯವರೆಗೆ ನೋಡಿದರು ಅಂತ ತೋರಿಸುವ ಈ ಗೆರೆ ನೋಡಿ. ಹುಡುಗನ ಆರನೇ ವಿಡಿಯೋದ್ದು. ಮೊದಲ ಮೂವತ್ತು ಸೆಕೆಂಡಿನಲ್ಲೇ ಗೆರೆ ಜಾರಿದೆ. ಆ ಹೊತ್ತಿನಲ್ಲಿ ಏನಿತ್ತು? ತಿರುಗುವ ಲೋಗೋ, ಸಂಗೀತ, ಆಮೇಲೆ "ಲೈಕ್ ಮಾಡಿ, ಶೇರ್ ಮಾಡಿ, ಬೆಲ್ ಒತ್ತಿ". ಇನ್ನೂ ಊಟವನ್ನೇ ಬಡಿಸಿಲ್ಲ, ಆಗಲೇ ರುಚಿ ಹೇಗಿದೆ ಅಂತ ಕೇಳಿದರೆ ಹೇಗೆ? ಲೋಗೋ ತೆಗೆಸಿದೆ. ಈಗ ಮೊದಲ ವಾಕ್ಯವೇ ಅವತ್ತಿನ ಪಂದ್ಯ: "ಹೋದ ಸಲ ಹದಿನಾಲ್ಕು ಡೈಮಂಡ್ ಸುಟ್ಕೊಂಡೆ, ಇವತ್ತು ಅಷ್ಟನ್ನೂ ವಾಪಸ್ ತರ್ತೀನಿ."

ಈ ಗ್ರಾಫನ್ನು ಪ್ರತಿ ವಿಡಿಯೋಗೂ ನೋಡಿ. ಗೆರೆ ಎಲ್ಲಿ ಜಾರಿತೋ ಆ ನಿಮಿಷಕ್ಕೆ ಹೋಗಿ ನಿಮ್ಮ ಮಾತು ಕೇಳಿ. ನೋವಾಗುತ್ತದೆ, ಆದರೂ ಕೇಳಿ. ಸಬ್‌ಸ್ಕ್ರೈಬರ್ ಸಂಖ್ಯೆ ನೋಡುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಥಂಬ್‌ನೇಲ್, ಅಂದರೆ ವಿಡಿಯೋದ ಮುಖಚಿತ್ರ, 1280 ಗುಣಿಸು 720 ಪಿಕ್ಸೆಲ್, ಅಕ್ಷರ ಮೂರು ನಾಲ್ಕು ಪದ, ಮೊಬೈಲಿನಲ್ಲಿ ಓದಿಸಿಕೊಂಡರೆ ಆಯಿತು. ಆಟದೊಳಗಿನ ರೇಡಿಯೋದಲ್ಲಿ ನಿಜವಾದ ಹಾಡು ಬರುವ ಆಟಗಳಲ್ಲಿ, ಉದಾಹರಣೆಗೆ ಜಿಟಿಎ, ಆ ರೇಡಿಯೋ ಆಫ್ ಮಾಡಿ. ಇಲ್ಲದಿದ್ದರೆ ಕಾಪಿರೈಟ್ ಕ್ಲೇಮ್ ಬರಬಹುದು.

[ಪರದೆ: ನಾನು, ಕ್ಯಾಮೆರಾಗೆ ಹತ್ತಿರ.]

ಭಾಷೆಯ ಬಗ್ಗೆ ನಾನು ಹೇಳಲೇಬೇಕು. ಹೊಸಬರು ರೆಕಾರ್ಡ್ ಬಟನ್ ಒತ್ತಿದ ಕೂಡಲೇ ದನಿ ಬದಲಿಸುತ್ತಾರೆ. ಮನೆಯಲ್ಲಿ ಧಾರವಾಡದ ಮಾತು, ವಿಡಿಯೋದಲ್ಲಿ ಬೆಂಗಳೂರಿನದು. ಬೇಡ ಕಣ್ರೀ. "ಏನ್ ಮಾಡಾಕತ್ತಿ" ಅನ್ನುವ ಬಾಯಲ್ಲಿ ಬರುವ ಗಾಬರಿ, ಖುಷಿ, ಸಿಟ್ಟು ಎಲ್ಲ ಆ ಮಾತಿನಲ್ಲೇ ಚೆನ್ನ. ಮಂಗಳೂರಿನವರು ಮಂಗಳೂರಿನ ಹಾಗೇ ಮಾತಾಡಿ. ರಶ್, ನಾಕ್, ಲೂಟ್ ಇವೆಲ್ಲ ಆಟದ ಮಾತು, ಅವನ್ನು ಕಷ್ಟಪಟ್ಟು ಕನ್ನಡಕ್ಕೆ ತರಬೇಕಿಲ್ಲ. ಆದರೆ ಭಯ ಆದಾಗ "ಅಯ್ಯೋ ಅಮ್ಮಾ" ಅಂತಲೇ ಬರಲಿ.

[ಪರದೆ: ಹತ್ತನೇ ವಿಡಿಯೋ. ಸುರಂಗ. ಹುಡುಗನ ದನಿ, ಈಗ ಹತ್ತಿರದಿಂದ, ಸ್ಪಷ್ಟವಾಗಿ.]

"ಈ ಕಲ್ಲಿನ ಹಿಂದೆ ಗುಳುಗುಳು ಅಂತಿದೆ, ಕೇಳಿಸ್ತಾ? ಅದು ಲಾವಾ. ನನ್ನ ಹತ್ರ ಈಗ ಹನ್ನೊಂದು ಡೈಮಂಡ್ ಇದೆ. ಇನ್ನು ಮೂರು ಬೇಕು. ಮನೆಗೆ ಹೋಗ್ಲಾ, ಈ ಕಲ್ಲು ಒಡೀಲಾ?"

[ಪರದೆ: ಆಟ ನಿಲ್ಲುತ್ತದೆ. ನಾನು.]

ಇದನ್ನು ಮನೆಯ ಟಿವಿಯಲ್ಲಿ ಹಾಕಿದಾಗ ನಮ್ಮಮ್ಮ ಪಕ್ಕದಲ್ಲಿ ಕೂತು ಹುರುಳೀಕಾಯಿ ನಾರು ತೆಗೆಯುತ್ತಿದ್ದರು. ಮೈನ್‌ಕ್ರಾಫ್ಟ್ ಅಂದರೆ ಏನು ಅಂತಲೂ ಅವರಿಗೆ ಗೊತ್ತಿಲ್ಲ. ಈ ಜಾಗಕ್ಕೆ ಬಂದಾಗ ಕೈ ನಿಂತಿತು. ತಲೆ ಎತ್ತಿ ಮೊಮ್ಮಗನಿಗೆ ಹೇಳಿದರು: "ಸಾಕು ಬಾರೋ ಮನೆಗೆ. ಹನ್ನೊಂದಿದೆಯಲ್ಲ."

[ಪರದೆ: ಪಿಕಾಸಿ ಮೇಲೇಳುತ್ತದೆ. ಕಲ್ಲು ಒಡೆಯುತ್ತದೆ.]