ಇಲಿಯ ಅಕ್ಷಿಪಟಲದ ಗ್ಯಾಂಗ್ಲಿಯಾನ್ ಕೋಶಗಳು: ಬಗೆಗಳನ್ನು ಗುರುತಿಸುವುದು ಹೇಗೆ?

ಮಾನ್ಯ ಸಭಿಕರೇ,

ಇಲಿಯ (ಇಲ್ಲಿ ಇಲಿ ಎಂದರೆ ರ‍್ಯಾಟ್ ಎಂಬ ದೊಡ್ಡ ಇಲಿ) ಒಂದು ಕಣ್ಣಿನಿಂದ ಹೊರಡುವ ದೃಷ್ಟಿನರದಲ್ಲಿ 1 ಲಕ್ಷದ ಆಸುಪಾಸು ಎಳೆಗಳಿರುತ್ತವೆ. ಒಂದೊಂದು ಎಳೆಯೂ ಅಕ್ಷಿಪಟಲದ (ಕಣ್ಣಿನ ಹಿಂಭಾಗದ, ಬೆಳಕನ್ನು ಗ್ರಹಿಸುವ ಪರದೆ) ಒಂದೊಂದು ಗ್ಯಾಂಗ್ಲಿಯಾನ್ ಕೋಶದ ಆಕ್ಸಾನ್, ಅಂದರೆ ಸಂಕೇತವನ್ನು ಹೊರಗೆ ಒಯ್ಯುವ ಎಳೆ. ಕಣ್ಣು ಕಂಡದ್ದೆಲ್ಲವೂ ಈ ದಾರಿಯಿಂದಲೇ ಮಿದುಳನ್ನು ಸೇರಬೇಕಾದ್ದರಿಂದ, ಈ ಕೋಶಗಳಲ್ಲಿ ಎಷ್ಟು ಬಗೆಗಳಿವೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಕಣ್ಣು ಮಿದುಳಿಗೆ ಎಷ್ಟು ಬಗೆಯ ಸುದ್ದಿ ಮುಟ್ಟಿಸುತ್ತದೆ ಎಂಬುದೂ ತಿಳಿಯುತ್ತದೆ.

ಮೊದಲ ತೊಡಕು ಕೋಶಗಳನ್ನು ಗುರುತಿಸುವುದರಲ್ಲೇ ಇದೆ. ಗ್ಯಾಂಗ್ಲಿಯಾನ್ ಪದರ ಎಂಬ ಹೆಸರಿದ್ದರೂ ಇಲಿಯಲ್ಲಿ ಆ ಪದರದ ನರಕೋಶಗಳ ಪೈಕಿ ಸರಿಸುಮಾರು ಅರ್ಧದಷ್ಟು, ಅಕ್ಷಿಪಟಲದೊಳಗಷ್ಟೇ ಸಂಕೇತ ಸಾಗಿಸುವ ಅಮಾಕ್ರೈನ್ ಕೋಶಗಳು. ಅವುಗಳ ಎಳೆ ದೃಷ್ಟಿನರಕ್ಕೆ ಹೋಗುವುದಿಲ್ಲ. ಆದ್ದರಿಂದ ಮಿದುಳಿನ ಕಡೆಯಿಂದ ಬಣ್ಣವನ್ನು ಹಿಮ್ಮುಖವಾಗಿ ಹರಿಸಿ, ಅದು ಬಂದು ತುಂಬಿದ ಕೋಶಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಕ್ರಮ ರೂಢಿಗೆ ಬಂದಿತು.

1979ರಲ್ಲಿ ಪೆರ್ರಿ ಅವರು ಗಾಲ್ಜಿ ವಿಧಾನದಿಂದ ಕಪ್ಪಾಗಿಸಿದ ಕೋಶಗಳನ್ನು ನೋಡಿ ಮೂರು ಬಗೆಗಳನ್ನು ಹೇಳಿದರು: ದೊಡ್ಡ ಕೋಶಕಾಯವೂ ವಿಶಾಲವಾದ ಡೆಂಡ್ರೈಟ್ (ಸಂಕೇತ ಪಡೆಯುವ ಕೊಂಬೆ) ಹರವೂ ಇರುವವು ಒಂದನೆಯವು, ಚಿಕ್ಕ ಕಾಯ, ಕಿರಿದಾದ ದಟ್ಟ ಹರವಿನವು ಎರಡನೆಯವು, ಕಾಯ ದೊಡ್ಡದಲ್ಲದಿದ್ದರೂ ವಿರಳವಾದ ಕೊಂಬೆಗಳನ್ನು ದೂರದವರೆಗೆ ಚಾಚಿದವು ಮೂರನೆಯವು. ಬೆಕ್ಕಿನ ಅಕ್ಷಿಪಟಲಕ್ಕೆ 1974ರಲ್ಲಿ ಬಾಯ್ಕಾಟ್ ಮತ್ತು ವೆಸ್ಲೆ ಕೊಟ್ಟ ಆಲ್ಫಾ, ಬೀಟಾ, ಗಾಮಾ ಎಂಬ ವಿಂಗಡಣೆಯನ್ನು ಇದು ನೆನಪಿಸುತ್ತದೆ. ಮುಂದೆ 1997ರಲ್ಲಿ ಹಕ್ಸ್‌ಲಿನ್ ಮತ್ತು ಗುಡ್‌ಚೈಲ್ಡ್ ಬಿಳಿ ಇಲಿಯ ಕೋಶಗಳನ್ನು ಎ, ಬಿ, ಸಿ ಗುಂಪುಗಳಾಗಿ ಮಾಡಿ ಒಳವಿಭಾಗಗಳನ್ನು ಸೇರಿಸಿದರು. 2002ರ ವಿಸ್ತಾರವಾದ ಸಮೀಕ್ಷೆಯೊಂದು, ಡೆಂಡ್ರೈಟುಗಳನ್ನು ಎರಡು ಮಟ್ಟಗಳಲ್ಲಿ ಹರಡುವ ಕೋಶಗಳಿಗಾಗಿ ಡಿ ಗುಂಪನ್ನು ಕೂಡಿಸಿತು.

ಈ ಅಕ್ಷರಗಳು ಅನುಕೂಲಕ್ಕೆ ಮಾಡಿಕೊಂಡ ಖಾನೆಗಳೇ ಹೊರತು ಬಗೆಗಳಲ್ಲ ಎಂಬುದು ನನ್ನ ಅಭಿಪ್ರಾಯ. ಕೋಶದ ಅಳತೆ ಅದು ಇರುವ ಜಾಗವನ್ನು ಅವಲಂಬಿಸುತ್ತದೆ. ಕೋಶಗಳು ವಿರಳವಾಗಿರುವ ಅಂಚಿನಲ್ಲಿ ಹರವು ಹಿಗ್ಗುತ್ತದೆ, ಒತ್ತಾಗಿರುವಲ್ಲಿ ಕುಗ್ಗುತ್ತದೆ. ಹೀಗಿರುವಾಗ ಅಳತೆಯೊಂದನ್ನೇ ನಂಬಿದರೆ ಒಂದೇ ಬಗೆ ಎರಡಾಗಿ ಕಾಣಬಹುದು, ಎರಡು ಬಗೆಗಳು ಒಂದೇ ಖಾನೆಗೆ ಬೀಳಬಹುದು. ಇದಕ್ಕಿಂತ ಗಟ್ಟಿಯಾದ ಎರಡು ಪರೀಕ್ಷೆಗಳಿವೆ. ಮೊದಲನೆಯದು ಡೆಂಡ್ರೈಟುಗಳು ಒಳ ಪ್ಲೆಕ್ಸಿಫಾರ್ಮ್ ಪದರದ (ಗ್ಯಾಂಗ್ಲಿಯಾನ್ ಕೋಶಗಳು ಇತರ ನರಕೋಶಗಳಿಂದ ಸಂಕೇತ ಪಡೆಯುವ ಪದರ) ಯಾವ ಆಳದಲ್ಲಿ ಹರಡಿವೆ ಎಂಬುದು. ಆ ಪದರದ ಹೊರಭಾಗದಲ್ಲಿ ಹರಡಿದವು ಬೆಳಕು ಆರಿದಾಗ ಚುರುಕಾಗುತ್ತವೆ, ಒಳಭಾಗದಲ್ಲಿ ಹರಡಿದವು ಬೆಳಕು ಬಂದಾಗ. ಅಪವಾದಗಳಿದ್ದರೂ ಸಾಮಾನ್ಯ ನಿಯಮ ಇದೇ. ಎರಡನೆಯದು ಹಂಚಿಕೆ. ಅಡಿಕೆ ತೋಟದಲ್ಲಿ ಅಡಿಕೆಗೆ ಅದರದೇ ಅಂತರ, ನಡುವಿನ ಬಾಳೆಗೆ ಅದರದೇ ಅಂತರ ಇರುವ ಹಾಗೆ, ನಿಜವಾದ ಬಗೆಯೊಂದರ ಕೋಶಗಳು ತಮ್ಮತಮ್ಮಲ್ಲಿ ಅಂತರ ಕಾಯ್ದುಕೊಂಡು ಇಡೀ ಅಕ್ಷಿಪಟಲವನ್ನು ಬಿಡುವಿಲ್ಲದೆ ಆವರಿಸುತ್ತವೆ. ಬೇರೆ ಬಗೆಯ ಕೋಶ ಪಕ್ಕದಲ್ಲೇ ಇದ್ದರೂ ಅವಕ್ಕೆ ಲೆಕ್ಕವಿಲ್ಲ. 1989ರಲ್ಲಿ ಪೈಖ್ಲ್ ಇಲಿಯ ದೊಡ್ಡ ಕೋಶಗಳನ್ನು ಈ ದೃಷ್ಟಿಯಿಂದ ನೋಡಿದಾಗ, ಅಳತೆಯಿಂದ ಒಂದೇ ವರ್ಗವೆನಿಸಿದ್ದುದು ಒಳ ಆಲ್ಫಾ, ಹೊರ ಆಲ್ಫಾ ಮತ್ತು ಡೆಲ್ಟಾ ಎಂದು ಮೂರಾಗಿ ಬೇರ್ಪಟ್ಟಿತು.

ಆಕಾರದ ಪರೀಕ್ಷೆಗಳಷ್ಟೇ ಸಾಲವು ಎಂಬುದನ್ನು ತೋರಿಸಿದ್ದೂ ಇಲಿಯೇ. 2002ರಲ್ಲಿ ಬರ್ಸನ್ ಮತ್ತು ಸಂಗಡಿಗರು, ದೇಹದ ದಿನಚರಿಯನ್ನು ನಡೆಸುವ ಸುಪ್ರಾಕಯಾಸ್ಮ್ಯಾಟಿಕ್ ಕೇಂದ್ರಕ್ಕೆ ಎಳೆ ಕಳಿಸುವ ಕೋಶಗಳನ್ನು ಬಣ್ಣದಿಂದ ಗುರುತಿಸಿ, ಬೇರೆ ನರಕೋಶಗಳಿಂದ ಬರುವ ಸಂಕೇತಗಳನ್ನು ಔಷಧಗಳಿಂದ ತಡೆದ ಮೇಲೂ ಅವು ಬೆಳಕಿಗೆ ಸ್ಪಂದಿಸುವುದನ್ನು ದಾಖಲಿಸಿದರು. ಅದಕ್ಕೆ ಕಾರಣ ಆ ಕೋಶಗಳಲ್ಲೇ ಇರುವ, ಬೆಳಕನ್ನು ಹಿಡಿಯುವ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ. ಹಳೆಯ ಖಾನೆಗಳಲ್ಲಿ ಇಂಥ ಕೋಶಕ್ಕೆಂದೇ ಒಂದು ಜಾಗವಿರಲಿಲ್ಲ.

ಮೌಸ್ ಎಂಬ ಚಿಕ್ಕ ಇಲಿಯಲ್ಲಿ ಬೆಳಕಿನ ಸ್ಪಂದನೆಯನ್ನು ಆಧರಿಸಿ 2016ರಲ್ಲಿ 30ಕ್ಕೂ ಹೆಚ್ಚು, ವಂಶವಾಹಿಗಳ ಚಟುವಟಿಕೆಯನ್ನು ಆಧರಿಸಿ 2019ರಲ್ಲಿ 40ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಯಿತು. ಆ ಪಟ್ಟಿಯನ್ನು ದೊಡ್ಡ ಇಲಿಗೆ ಹಾಗೆಯೇ ಅಂಟಿಸುವುದು ಸಲ್ಲದು. ಹೋಲಿಕೆಯನ್ನು ಒಂದೊಂದು ಬಗೆಗೂ ಬೇರೆಬೇರೆಯಾಗಿ ತೋರಿಸಬೇಕಾಗುತ್ತದೆ.

ವಿಂಗಡಣೆಯ ಈ ಚರ್ಚೆ ಪ್ರಯೋಗಾಲಯದ ದಿನನಿತ್ಯದ ಎಣಿಕೆಯನ್ನೂ ತಟ್ಟುತ್ತದೆ. ದೃಷ್ಟಿನರ ಹಾಳಾಗುವ ಗ್ಲಾಕೋಮಾ ಎಂಬ ಕಾಯಿಲೆಯ ಅಧ್ಯಯನಗಳಲ್ಲಿ ಇಲಿಯ ದೃಷ್ಟಿನರಕ್ಕೆ ಗಾಯ ಮಾಡಿ, ಉಳಿದ ಕೋಶಗಳನ್ನು ಬಿಆರ್‌ಎನ್3ಎ ಎಂಬ ಪ್ರೋಟೀನಿನ ಗುರುತಿನಿಂದ ಎಣಿಸುವುದುಂಟು. ಈ ಗುರುತು ಬಹುಪಾಲು ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಸಿಗುತ್ತದೆ, ಮೆಲನಾಪ್ಸಿನ್ ಕೋಶಗಳಲ್ಲಿ ಮಾತ್ರ ಸಾಮಾನ್ಯವಾಗಿ ಸಿಗುವುದಿಲ್ಲ. ಗಾಯವನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳಿಕೊಳ್ಳುವ ಕೋಶಗಳೂ ಇವೇ ಆದ್ದರಿಂದ, ಶೇಕಡಾ ಇಷ್ಟು ಕೋಶಗಳು ಉಳಿದವು ಎಂಬ ವಾಕ್ಯವನ್ನು ಓದುವಾಗ ಯಾವ ಗುರುತಿನಿಂದ ಎಣಿಸಿದರು ಎಂಬುದನ್ನು ಮೊದಲು ನೋಡಬೇಕು.