ಟ್ಯೂರಿನ್ನಿನ ಚಿನ್ನ, ಲಾಸ್ ಏಂಜಲಿಸ್‌ನ ಸೇಡು

ಕೇಳುಗರೆಲ್ಲರಿಗೂ ನಮಸ್ಕಾರ.

ಮೂರು ಪುಟ್ಟ ಮಿನಿ ಕಾರುಗಳು. ಒಂದು ಕೆಂಪು, ಒಂದು ಬಿಳಿ, ಒಂದು ನೀಲಿ. 'ದಿ ಇಟಾಲಿಯನ್ ಜಾಬ್' ಎಂದೊಡನೆ ಕಣ್ಮುಂದೆ ಬರುವುದು ಇವೇ. ಆ ಹೆಸರಿನಲ್ಲಿ ಚಿತ್ರಗಳು ಎರಡಿವೆ. ಮೊದಲನೆಯದು 1969ರ ಬ್ರಿಟಿಷ್ ಚಿತ್ರ. ನಿರ್ದೇಶಕ ಪೀಟರ್ ಕಾಲಿನ್ಸನ್, ನಾಯಕ ಮೈಕಲ್ ಕೇನ್. ಎರಡನೆಯದನ್ನು 2003ರಲ್ಲಿ ಹಾಲಿವುಡ್‌ನ ಎಫ್. ಗ್ಯಾರಿ ಗ್ರೇ ನಿರ್ದೇಶಿಸಿದರು. ಅದರ ನಾಯಕ ಮಾರ್ಕ್ ವಾಲ್‌ಬರ್ಗ್. ಎರಡರಲ್ಲೂ ನಾಯಕನ ಹೆಸರು ಚಾರ್ಲಿ ಕ್ರೋಕರ್. ಊರಿನ ಸಿಗ್ನಲ್‌ಗಳನ್ನು ಕೆಡಿಸಿ, ವಾಹನಗಳನ್ನು ನಿಂತಲ್ಲೇ ನಿಲ್ಲಿಸಿ, ಚಿನ್ನ ಹೇರಿಕೊಂಡು ಮಿನಿಗಳಲ್ಲಿ ಪರಾರಿಯಾಗುವುದೂ ಎರಡರಲ್ಲೂ ಉಂಟು. ಆದರೆ ಕದಿಯುವುದು ಯಾತಕ್ಕೆ ಎಂದು ಕೇಳಿದರೆ ಎರಡೂ ಬೇರೆ ಬೇರೆ ಉತ್ತರ ಕೊಡುತ್ತವೆ. ಹಳೆಯದು ನನಗೆ ಹೆಚ್ಚು ಹಿಡಿಸುವುದು ಆ ಉತ್ತರಕ್ಕಾಗಿಯೇ.

ಆ ಕಾಲದ ಬ್ರಿಟನ್ ನೆನಪಿಸಿಕೊಳ್ಳಿ. 1967ರ ನವೆಂಬರಿನಲ್ಲಿ ಸರ್ಕಾರ ಪೌಂಡಿನ ಬೆಲೆಯನ್ನು 2.80 ಡಾಲರಿನಿಂದ 2.40ಕ್ಕೆ ಇಳಿಸಿತು. ಅದೇ ತಿಂಗಳು, ಬ್ರಿಟನ್ ಯುರೋಪಿನ ಸಾಮಾನ್ಯ ಮಾರುಕಟ್ಟೆಗೆ ಸೇರದಂತೆ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಎರಡನೇ ಸಲ ಅಡ್ಡಗಾಲು ಹಾಕಿದರು. ಸಾಮ್ರಾಜ್ಯ ಕೈತಪ್ಪಿತ್ತು, ಖಜಾನೆ ಸೊರಗಿತ್ತು. ಚಿತ್ರದಲ್ಲಿ ಈ ದರೋಡೆಗೆ ಬಂಡವಾಳ ಹಾಕುವವನು ಬ್ರಿಡ್ಜರ್ ಎಂಬ ಕೈದಿ. ಸೆರೆಮನೆಯಲ್ಲಿದ್ದೇ ಅರಸನಂತೆ ಬಾಳುವ ಈ ಮುದುಕ ತನ್ನ ಕೋಣೆಯಲ್ಲಿ ರಾಣಿಯ ಚಿತ್ರಗಳನ್ನು ಅಂಟಿಸಿಕೊಂಡಿದ್ದಾನೆ. ದೇಶದ ವಿದೇಶಿ ಲೆಕ್ಕದಲ್ಲಿ ಕೊರತೆ ಇದೆಯಲ್ಲ ಎಂಬ ಚಿಂತೆ ಅವನಿಗೆ! ಚೀನಾದಿಂದ ಇಟಲಿಯ ಫಿಯಟ್ ಕಂಪನಿಗೆ ಬರುವ 40 ಲಕ್ಷ ಡಾಲರಿನ ಚಿನ್ನವನ್ನು ಟ್ಯೂರಿನ್ನಿನ ನಡುಬೀದಿಯಲ್ಲಿ ಎತ್ತಿಕೊಂಡು ಬಂದರೆ, ಅವನ ಪಾಲಿಗೆ ಅದು ದೇಶಸೇವೆ. ನೋಯೆಲ್ ಕವರ್ಡ್ ಈ ಪಾತ್ರವನ್ನು ಎಷ್ಟು ಠೀವಿಯಿಂದ ಮಾಡಿದ್ದಾರೆಂದರೆ ನಗು ಬರುತ್ತದೆ, ಜೊತೆಗೇ ಕನಿಕರವೂ ಹುಟ್ಟುತ್ತದೆ. ಅದು ಅವರು ನಟಿಸಿದ ಕೊನೆಯ ಚಿತ್ರ. ಕಳ್ಳರು ಟ್ಯೂರಿನ್ನಿಗೆ ಹೋಗುವುದು ಫುಟ್ಬಾಲ್ ಪಂದ್ಯ ನೋಡಲು ಬಂದ ಇಂಗ್ಲೆಂಡ್ ಅಭಿಮಾನಿಗಳ ಸೋಗಿನಲ್ಲಿ. ಮಿನಿಗಳ ಬಣ್ಣವೂ ಬ್ರಿಟಿಷ್ ಬಾವುಟದ್ದೇ.

2003ರ ಬ್ರಿಡ್ಜರ್ ಬೇರೆಯವನೇ. ಡೊನಾಲ್ಡ್ ಸದರ್‌ಲ್ಯಾಂಡ್ ಅವರ ಬ್ರಿಡ್ಜರ್ ವಾತ್ಸಲ್ಯವುಳ್ಳ ಹಿರಿಯ; ಚಾರ್ಲಿಗೆ ತಂದೆಯಿದ್ದಂತೆ. ವೆನಿಸ್ಸಿನಲ್ಲಿ ಮೂರೂವರೆ ಕೋಟಿ ಡಾಲರಿನ ಚಿನ್ನ ಕದ್ದ ಮೇಲೆ ಗುಂಪಿನವನೇ ಆದ ಸ್ಟೀವ್ ದ್ರೋಹ ಬಗೆದು ಬ್ರಿಡ್ಜರ್‌ನನ್ನು ಕೊಲ್ಲುತ್ತಾನೆ. ಮುಂದಿನದೆಲ್ಲ ಲಾಸ್ ಏಂಜಲಿಸ್‌ನಲ್ಲಿ, ಸತ್ತವನ ಮಗಳು ಸ್ಟೆಲ್ಲಾಳನ್ನೂ ಕೂಡಿಸಿಕೊಂಡು ಸೇಡು ತೀರಿಸಿಕೊಳ್ಳುವ ಕಥೆ. ಆ ಪಾತ್ರದಲ್ಲಿ ಚಾರ್ಲೀಸ್ ಥೆರಾನ್ ಚೆನ್ನಾಗಿ ನಟಿಸಿದ್ದಾರೆ. ಹೆಂಗಸರನ್ನು ಬರಿಯ ಅಲಂಕಾರಕ್ಕೆ ಇಟ್ಟುಕೊಂಡದ್ದು ಹಳೆಯ ಚಿತ್ರದ ದೊಡ್ಡ ಕೊರತೆ. ತಿಜೋರಿ ತೆರೆಯುವುದರಲ್ಲಿ ನಿಪುಣಳಾದ ಒಬ್ಬಳನ್ನು ನಡುವೆ ನಿಲ್ಲಿಸಿ ಹೊಸದು ಅದನ್ನು ತುಂಬಿಕೊಟ್ಟಿತು. ಆದರೆ ಸೇಡು ಬಂದ ಕೂಡಲೇ ಕಳ್ಳರು ನ್ಯಾಯದ ಪಕ್ಷದವರಾಗಿಬಿಡುತ್ತಾರೆ. ಅವರಿಗೆ ಜಯವಾಗಲಿ ಎಂದು ನಾವು ನಿಶ್ಚಿಂತೆಯಿಂದ ಹಾರೈಸಬಹುದು. ಹಳೆಯ ಚಿತ್ರ ಪ್ರೇಕ್ಷಕರಿಗೆ ಅಂಥ ನೆಪ ಒದಗಿಸುವುದಿಲ್ಲ. ಅಲ್ಲಿಯೂ ಆರಂಭದಲ್ಲಿ ಆಲ್ಪ್ಸ್ ಬೆಟ್ಟದ ದಾರಿಯಲ್ಲಿ ಒಬ್ಬ ಕೊಲೆಯಾಗುತ್ತಾನೆ, ಕೊಂದದ್ದು ಮಾಫಿಯಾ. ಆದರೂ ಚಾರ್ಲಿ ಹೊರಡುವುದು ಕದಿಯುವುದಕ್ಕೇ.

ಇನ್ನು ಆ ಟ್ರಾಫಿಕ್ ಜಾಮ್. 1969ರಲ್ಲಿ ಊರಿನ ಸಿಗ್ನಲ್ ಕೆಡಿಸಬೇಕೆಂದರೆ ಒಬ್ಬ ಮನುಷ್ಯ ಕಂಪ್ಯೂಟರ್ ಕೋಣೆಯೊಳಕ್ಕೆ ನುಸುಳಿ ಟೇಪಿನ ಸುರುಳಿಯನ್ನೇ ಬದಲಿಸಬೇಕು. ಆಮೇಲೆ ಟ್ಯೂರಿನ್ ಪಡುವ ಪಾಡು ನೋಡಬೇಕು! ಹಾರ್ನ್‌ಗಳು, ಬೈಗುಳ, ಕಾರಿನಿಂದಿಳಿದು ಕೈ ಬೀಸುವ ಜನ. ಫ್ರೆಂಚ್ ಸಾಹಸಿ ರೆಮಿ ಜೂಲಿಯನ್ ಮತ್ತವರ ತಂಡ ಮಿನಿಗಳನ್ನು ಕಮಾನುಸಾಲುಗಳ ಅಂಗಡಿಬೀದಿಯಲ್ಲಿ, ಗ್ರಾನ್ ಮಾದ್ರೆ ಇಗರ್ಜಿಯ ಮೆಟ್ಟಿಲುಗಳ ಮೇಲೆ, ಪೋ ನದಿಯ ಅಡ್ಡಗಟ್ಟೆಯ ಮೇಲೆ ಓಡಿಸಿತು. ಲಿಂಗೊತ್ತೊ ಕಾರ್ಖಾನೆಯ ಮಾಳಿಗೆಯ ಮೇಲೆ ಫಿಯಟ್ ತನ್ನ ಕಾರುಗಳ ಪರೀಕ್ಷೆಗೆಂದು ಕಟ್ಟಿದ ಪಥವಿದೆ. ಅಲ್ಲಿಗೂ ಈ ಮಿನಿಗಳು ಹತ್ತುತ್ತವೆ. ತನ್ನ ಚಿನ್ನವೇ ಕಳುವಾಗುವ ಕಥೆಗೆ ಫಿಯಟ್ ಜಾಗ ಬಿಟ್ಟುಕೊಟ್ಟಿತು. ಚರಂಡಿಯ ಕೊಳವೆಯ ಓಟವನ್ನು ಮಾತ್ರ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಚಿತ್ರಿಸಿದರು.

ಹೊಸ ಚಿತ್ರದಲ್ಲೂ ಶ್ರಮವೇನು ಕಡಿಮೆಯಿಲ್ಲ. ಹಾಲಿವುಡ್ ಬುಲೆವಾರ್ಡಿನ ರಸ್ತೆಯೇ ಬಾಯ್ದೆರೆದು ಚಿನ್ನದ ಲಾರಿ ಕೆಳಗಿನ ಮೆಟ್ರೊ ಸುರಂಗಕ್ಕೆ ಬೀಳುವ ದೃಶ್ಯ ನಿಜಕ್ಕೂ ಉಸಿರು ಬಿಗಿಹಿಡಿಸುತ್ತದೆ. ಆ ಸುರಂಗದಲ್ಲಿ ಪೆಟ್ರೋಲ್ ಎಂಜಿನ್ನಿಗೆ ಅನುಮತಿ ಇರಲಿಲ್ಲವಾದ್ದರಿಂದ ಚಿತ್ರೀಕರಣಕ್ಕೆಂದೇ ವಿದ್ಯುತ್ ಮಿನಿಗಳನ್ನು ಮಾಡಿಸಿದರು. ಆದರೆ ಇಲ್ಲಿ ಸಿಗ್ನಲ್ ಕೆಡಿಸುವುದು ಲ್ಯಾಪ್‌ಟಾಪ್ ಮುಂದೆ ಕೂತ ಹುಡುಗ. ಜಾಮ್ ಆತನ ಪರದೆಯ ಮೇಲಿನ ಲೆಕ್ಕಾಚಾರವಾಗಿ ಉಳಿಯುತ್ತದೆ. ಸಿಕ್ಕಿಬಿದ್ದ ಊರು ನಮಗೆ ಅಷ್ಟಾಗಿ ಕಾಣುವುದಿಲ್ಲ. ಹಳೆಯದನ್ನು ನೋಡಿ ಮುಗಿಸಿದಾಗ ಟ್ಯೂರಿನ್ನಿನ ಮೂಲೆಮೂಲೆ ಪರಿಚಯವಾದಂತಿರುತ್ತದೆ. ಲಾಸ್ ಏಂಜಲಿಸ್ ಬಗ್ಗೆ ಆ ಮಾತು ಹೇಳಲಾರೆ.

2012ರಲ್ಲಿ ಅಬ್ಬಾಸ್-ಮಸ್ತಾನ್ ಇದೇ ಕಥೆಯನ್ನು 'ಪ್ಲೇಯರ್ಸ್' ಎಂದು ಹಿಂದಿಗೆ ತಂದರು. ಅಲ್ಲೂ ದ್ರೋಹ, ಸೇಡುಗಳದ್ದೇ ಮೇಲುಗೈ.

ಕೊನೆಗೆ ಮುಕ್ತಾಯದ ಮಾತು. 2003ರಲ್ಲಿ ದ್ರೋಹಿಗೆ ತಕ್ಕ ಶಾಸ್ತಿಯಾಗುತ್ತದೆ, ಚಿನ್ನ ಹಂಚಿಕೆಯಾಗುತ್ತದೆ, ಎಲ್ಲರೂ ಸುಖವಾಗಿರುತ್ತಾರೆ. 1969ರಲ್ಲಿ ಕಳ್ಳರ ಬಸ್ಸು ಆಲ್ಪ್ಸ್ ಬೆಟ್ಟದ ತಿರುವಿನಲ್ಲಿ ಜಾರಿ, ಅರ್ಧ ರಸ್ತೆಯ ಮೇಲೆ, ಅರ್ಧ ಪ್ರಪಾತದ ಮೇಲೆ ತೂಗುತ್ತ ನಿಲ್ಲುತ್ತದೆ. ಚಿನ್ನ ಹಿಂಬದಿಯಲ್ಲಿ, ಮನುಷ್ಯರು ಮುಂಬದಿಯಲ್ಲಿ. ಚಾರ್ಲಿ ತೆವಳಿಕೊಂಡು ಹೋದಷ್ಟೂ ಚಿನ್ನ ಹಿಂದಕ್ಕೆ ಜಾರುತ್ತದೆ. ತನಗೊಂದು ಒಳ್ಳೆಯ ಉಪಾಯ ಹೊಳೆದಿದೆ ಎನ್ನುತ್ತಾನೆ. ಅಲ್ಲಿಗೇ ಚಿತ್ರ ಮುಗಿಯುತ್ತದೆ. ಸುಮಾರು 40 ವರ್ಷಗಳ ನಂತರ, 2008ರಲ್ಲಿ, ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಆ ಉಪಾಯ ಯಾವುದಿರಬಹುದೆಂದು ಸಾರ್ವಜನಿಕರಿಗೆ ಸ್ಪರ್ಧೆಯನ್ನೇ ಇಟ್ಟಿತು. ಗೆದ್ದ ಉತ್ತರ ಹೀಗಿತ್ತು: ಕಿಟಕಿಯ ಗಾಜು ಒಡೆದು ಭಾರ ಇಳಿಸಿ, ಮುಂದಿನ ಟೈರುಗಳ ಗಾಳಿ ತೆಗೆದು, ಹಿಂದಿರುವ ಇಂಧನವನ್ನು ಸುರಿದುಬಿಡಿ, ಆಮೇಲೆ ಒಬ್ಬ ಇಳಿದು ಕಲ್ಲು ತಂದು ಮುಂಬದಿಗೆ ತುಂಬಲಿ. ಹೊಸ ಚಿತ್ರದ ಕೊನೆಯಲ್ಲಿ ಹೀಗೆ ತಲೆ ಕೆಡಿಸಿಕೊಳ್ಳಲು ಏನೂ ಉಳಿದಿಲ್ಲ. ಎರಡನ್ನೂ ನೋಡುವುದಿದ್ದರೆ ದಯವಿಟ್ಟು ಹಳೆಯದನ್ನೇ ಮೊದಲು ನೋಡಿ.

ನಮಸ್ಕಾರ.